ಆಟವು ಕಲೆಯಾಗಬಲ್ಲುದೇ?

ಪುಣೆ ನಗರಕ್ಕೆ ವಾಯವ್ಯದಲ್ಲಿರುವ ಖಡಕಿಯ ಹೆಸರು ಇತಿಹಾಸದಲ್ಲಿ ಯುದ್ಧದೊಡನೆ ಸೇರಿಕೊಂಡಿದೆ. ೧೮೧೭ನೆಯ ಇಸವಿಯ ನವೆಂಬರ್ ೫ರಂದು ಪೇಶ್ವೆ ಎರಡನೆಯ ಬಾಜೀರಾಯನ ಸೈನ್ಯಕ್ಕೂ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೂ ಇಲ್ಲಿ ನಡೆದ ಕಾಳಗವು ಪೇಶ್ವೆಯರ ಆಳಿಕೆಯ ಅಂತ್ಯಕ್ಕೆ ನಾಂದಿಯಾಯಿತು. ಅನಂತರ ಇಲ್ಲಿ ದಂಡು ನೆಲೆಯೂರಿತು. ೧೮೬೯ರಲ್ಲಿ ಮದ್ದುಗುಂಡಿನ ಕಾರ್ಖಾನೆ ಸ್ಥಾಪಿತವಾಯಿತು. ಇಂಥ ಊರಿನ ಮನೆಗಳಲ್ಲಿ ಈಗ ಸಂಜೆಯ ಹೊತ್ತು ಇನ್ನೊಂದು ಬಗೆಯ ಕಾಳಗ ನಡೆಯುತ್ತಿರುತ್ತದೆ. ಅಂಗೈಯಗಲದ ಫೋನಿನ ಮೇಲೆ ಮಕ್ಕಳು ಕೋಟೆಯನ್ನು ಮುತ್ತುತ್ತಾರೆ, ಸಾಯುತ್ತಾರೆ, ಮರುಕ್ಷಣವೇ ಎದ್ದು ನಿಲ್ಲುತ್ತಾರೆ. ದಾಸರ ಪದಗಳನ್ನೂ ಬಯಲಾಟದ ನೆನಪನ್ನೂ ಊರಿನಿಂದ ಹೊತ್ತು ತಂದ ಕನ್ನಡದ ಹಿರಿಯರು ಇದನ್ನು ಕಂಡು, ಇದು ವಿದ್ಯೆಯೂ ಅಲ್ಲ, ಕಲೆಯೂ ಅಲ್ಲ, ಬರಿಯ ಕಾಲಹರಣವೆಂದು ತೀರ್ಪು ಕೊಡುತ್ತಾರೆ. ಆದರೆ ಇದೇ ಪುಣೆ ನಗರದಲ್ಲಿ ರಚಿತವಾದ ‘ರಾಜಿ’ ಎಂಬ ವಿಡಿಯೋ ಆಟವು ೨೦೨೦ರಲ್ಲಿ ಹೊರಬಂದಾಗ ಪರದೇಶಗಳ ವಿಮರ್ಶಕರು ಅದರ ಚಿತ್ರ, ವಾಸ್ತು, ಕಥಾಸಂವಿಧಾನಗಳನ್ನು ಒಂದು ಕೃತಿಯನ್ನು ಪರಿಶೀಲಿಸುವಂತೆಯೇ ಪರಿಶೀಲಿಸಿದರು. ಮನೆಯೊಳಗಿನ ತೀರ್ಪಿಗೂ ಹೊರಗಿನ ಪುರಸ್ಕಾರಕ್ಕೂ ಇಷ್ಟು ಅಂತರವಿರುವಾಗ, ಆಟವು ಕಲೆಯಾಗಬಲ್ಲುದೇ ಎಂಬ ಪ್ರಶ್ನೆಯನ್ನು ಶಾಂತಚಿತ್ತದಿಂದ ವಿಚಾರಿಸುವುದು ಅವಶ್ಯವಾಗಿದೆ.

ಪಶ್ಚಿಮದಲ್ಲಿ ಈ ಚರ್ಚೆ ಈಗಾಗಲೇ ಸಾಕಷ್ಟು ನಡೆದಿದೆ. ೧೯೬೨ರಲ್ಲಿ ಅಮೆರಿಕದ ಎಂ. ಐ. ಟಿ.ಯಲ್ಲಿ ರಚಿತವಾದ ‘ಸ್ಪೇಸ್‌ವಾರ್’, ೧೯೭೨ರ ‘ಪಾಂಗ್’, ೧೯೮೪ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿತ್ನೋವ್ ರಚಿಸಿದ ‘ಟೆಟ್ರಿಸ್’, ಇವೆಲ್ಲ ಬಹುಕಾಲ ವಿನೋದದ ಸಾಮಗ್ರಿಗಳೆಂದೇ ಎಣಿಕೆಯಾಗಿದ್ದವು. ೨೦೧೦ರಲ್ಲಿ ಪ್ರಸಿದ್ಧ ಚಲನಚಿತ್ರ ವಿಮರ್ಶಕ ರೋಜರ್ ಈಬರ್ಟ್ ವಿಡಿಯೋ ಆಟವು ಎಂದಿಗೂ ಕಲೆಯಾಗಲಾರದೆಂದು ಬರೆದನು. ಆಟವನ್ನು ಗೆಲ್ಲಬಹುದು, ಕಲಾಕೃತಿಯನ್ನಾದರೋ ಅನುಭವಿಸಬಹುದಷ್ಟೆ ಎಂಬುದು ಅವನ ವಾದದ ತಿರುಳು. ಆಡಿ ನೋಡದೆ ಬರೆದುದು ತಪ್ಪೆಂದು ಅವನು ಕೆಲವು ತಿಂಗಳಲ್ಲಿಯೇ ಒಪ್ಪಿಕೊಂಡನಾದರೂ ಮೂಲ ಅಭಿಪ್ರಾಯವನ್ನು ಬಿಡಲಿಲ್ಲ. ೨೦೧೧ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಪುಸ್ತಕ, ನಾಟಕ, ಚಲನಚಿತ್ರಗಳಿಗಿರುವ ಅಭಿವ್ಯಕ್ತಿಯ ರಕ್ಷಣೆ ಈ ಆಟಗಳಿಗೂ ಸಲ್ಲುವುದೆಂದು ತೀರ್ಮಾನಿಸಿತು. ೨೦೧೨ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯವು ೧೪ ಆಟಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಆದರೆ ಅವುಗಳನ್ನು ಚಿತ್ರ ಶಿಲ್ಪಗಳ ವಿಭಾಗದಲ್ಲಿಡದೆ ವಾಸ್ತು ಮತ್ತು ವಿನ್ಯಾಸದ ವಿಭಾಗದಲ್ಲಿಟ್ಟಿತು. ನ್ಯಾಯಾಲಯದ ತೀರ್ಪು, ಸಂಗ್ರಹಾಲಯದ ಮನ್ನಣೆ ಇವೆರಡೂ ಗೌರವಾರ್ಹವೇ. ಆದರೆ ಇವು ತತ್ತ್ವನಿರ್ಣಯಗಳಲ್ಲ. ಆ ನಿರ್ಣಯಕ್ಕೆ ಬೇಕಾದ ಸಾಮಗ್ರಿ ನಮ್ಮ ಕಾವ್ಯಮೀಮಾಂಸೆಯಲ್ಲಿಯೇ ಹೇರಳವಾಗಿದೆ.

ಮೊದಲನೆಯದಾಗಿ, ಆಟವೆಂದ ಮಾತ್ರಕ್ಕೆ ಅದು ಹಗುರವೆಂಬ ಭಾವನೆ ನಮ್ಮ ಪ್ರಾಚೀನರದಲ್ಲ. ಭರತನ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಇಂದ್ರಾದಿ ದೇವತೆಗಳು ಬ್ರಹ್ಮನ ಬಳಿಗೆ ಹೋಗಿ ಬೇಡಿಕೊಳ್ಳುವುದು ‘ಕ್ರೀಡನೀಯಕ’ವನ್ನು, ಎಂದರೆ ಆಟದ ಸಾಧನವನ್ನು. ಅದು ಕಣ್ಣಿಗೂ ಕಿವಿಗೂ ವಿಷಯವಾಗಿರಬೇಕು, ಎಲ್ಲ ವರ್ಣದವರಿಗೂ ಸಲ್ಲುವಂತಿರಬೇಕು ಎಂಬುದು ಅವರ ಆಶಯ. ಬ್ರಹ್ಮನು ಅವರಿಗೆ ಕೊಟ್ಟುದು ನಾಟ್ಯ. ಸಕಲ ಕಲೆಗಳ ಸಂಗಮವೆನಿಸಿದ ನಾಟ್ಯವೇ ಆಟಿಕೆಯಾಗಿ ಬೇಡಲ್ಪಟ್ಟು ಬಂದಿತೆಂಬ ಈ ಕಥೆ ಅರ್ಥಪೂರ್ಣವಾಗಿದೆ. ಕನ್ನಡದಲ್ಲಂತೂ ಬಯಲಾಟ, ದೊಡ್ಡಾಟ, ಗೊಂಬೆಯಾಟ ಎಂದು ನಾಟಕಕ್ಕೇ ‘ಆಟ’ವೆಂಬ ಹೆಸರು ರೂಢಿಯಲ್ಲಿದೆ.

ಎರಡನೆಯದಾಗಿ, ನೋಡುವ ಆಟಕ್ಕೂ ಆಡುವ ಆಟಕ್ಕೂ ಇರುವ ಭೇದವನ್ನು ಕನ್ನಡ ನೆಲದಲ್ಲಿಯೇ ರಚಿತವಾದ ಗ್ರಂಥವೊಂದರಲ್ಲಿ ಕಾಣಬಹುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಐದು ವಿಂಶತಿಗಳುಳ್ಳ ಗ್ರಂಥ. ನಾಲ್ಕನೆಯದಾದ ವಿನೋದವಿಂಶತಿಯಲ್ಲಿ ಗೀತ, ವಾದ್ಯ, ನೃತ್ಯ, ಕಥೆಗಳೊಡನೆ ಮಲ್ಲಯುದ್ಧವೂ ಕೋಳಿಯ ಕಾಳಗವೂ ಸೇರಿವೆ. ಐದನೆಯದಾದ ಕ್ರೀಡಾವಿಂಶತಿಯಲ್ಲಿ ವನಕ್ರೀಡೆ, ಜಲಕ್ರೀಡೆಗಳೊಡನೆ ಚದುರಂಗವೂ ಪಗಡೆಯೂ ಬರುತ್ತವೆ. ಸ್ಥೂಲವಾಗಿ ಹೇಳುವುದಾದರೆ, ಕುಳಿತು ಸವಿಯುವುದು ವಿನೋದ. ತಾನೇ ಇಳಿದು ತೊಡಗುವುದು ಕ್ರೀಡೆ. ಇಂದು ನಾವು ಕಲೆಯೆಂದು ಕರೆಯುವ ಗೀತ ನೃತ್ಯಗಳು ಮೊದಲನೆಯ ಪಂಕ್ತಿಯಲ್ಲಿವೆ. ವಿಡಿಯೋ ಆಟದ ತೊಡಕಿರುವುದು ಇಲ್ಲಿಯೇ. ಅದು ನೋಟಕ್ಕೆ ವಿನೋದ, ಸ್ವಭಾವದಲ್ಲಿ ಕ್ರೀಡೆ. ಎರಡು ಪಂಕ್ತಿಗಳಲ್ಲಿಯೂ ಏಕಕಾಲದಲ್ಲಿ ಕಾಲೂರಿರುವ ವಸ್ತುವಿದು.

ಹಾಗಾದರೆ ತಾನೇ ತೊಡಗಿದವನಿಗೆ ರಸಾಸ್ವಾದ ಸಾಧ್ಯವೇ? ಇದಕ್ಕೆ ಪ್ರಬಲವಾದ ಆಕ್ಷೇಪವನ್ನು ಅಭಿನವಗುಪ್ತನ ಮಾತಿನಿಂದಲೇ ಎತ್ತಬಹುದು. ಭರತನಿಗೆ ಬರೆದ ವ್ಯಾಖ್ಯಾನದಲ್ಲಿ ಆತನು ರಸಪ್ರತೀತಿಗೆ ಏಳು ವಿಘ್ನಗಳನ್ನು ಹೇಳುತ್ತಾನೆ. ಪ್ರೇಕ್ಷಕನು ತನ್ನದೇ ಸುಖದುಃಖಗಳಿಗೆ ವಶನಾಗಿರುವುದು ಅವುಗಳಲ್ಲೊಂದು. ಕುಮಾರವ್ಯಾಸನ ಸಭಾಪರ್ವದ ದ್ಯೂತಪ್ರಸಂಗವನ್ನು ನೆನೆದರೆ ಇದು ಸ್ಪಷ್ಟವಾಗುವುದು. ಧರ್ಮರಾಯನು ಒಂದೊಂದಾಗಿ ಪಣವೊಡ್ಡಿ ಸೋಲುತ್ತಿರುವಾಗ ಓದುವವನಲ್ಲಿ ಕರುಣವು ಉಕ್ಕುತ್ತದೆ. ಆದರೆ ಧರ್ಮರಾಯನಲ್ಲಿ ಉಂಟಾಗುವುದು ಕರುಣರಸವಲ್ಲ, ಸ್ವಂತ ದುಃಖ. ಹಾಸಿನ ಮುಂದೆ ಕುಳಿತವನಿಗೆ ಕಾವ್ಯವಿಲ್ಲ. ಹಾಸನ್ನು ದೂರದಿಂದ ನೋಡುವವನಿಗೆ ಮಾತ್ರ ಕಾವ್ಯವುಂಟು. ಗೆಲ್ಲುವ ಆತುರವುಳ್ಳವನಿಗೆ ಸಹೃದಯತೆ ಎಲ್ಲಿಂದ ಬರಬೇಕು? ಈಬರ್ಟನ ಆಕ್ಷೇಪವೂ ಬೇರೆ ದಾರಿಯಿಂದ ಬಂದು ಇದೇ ನಿಲುವನ್ನು ಮುಟ್ಟುತ್ತದೆ.

ಹಣವನ್ನೊಡ್ಡಿ ಆಡುವ ಆಟಗಳ ವಿಷಯದಲ್ಲಿ ಈ ಆಕ್ಷೇಪ ಪೂರ್ಣವಾಗಿ ಸಲ್ಲುವುದು. ಪಣವು ನಿಜವಾದೊಡನೆ ಭಯವೂ ನಿಜವಾಗುತ್ತದೆ. ಅಲ್ಲಿ ಸಾಧಾರಣೀಕರಣಕ್ಕೆ ಎಡೆಯಿಲ್ಲ. ೨೦೨೫ರ ಆಗಸ್ಟ್‌ನಲ್ಲಿ ಭಾರತದ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಶಾಸನವು ಹಣದ ಆಟಗಳನ್ನು ನಿಷೇಧಿಸಿ, ಇತರ ಆಟಗಳನ್ನು ಬೇರೆಯಾಗಿ ಪರಿಗಣಿಸಿತು. ಶಾಸನದ ಉದ್ದೇಶ ಜನರ ಹಣ ನಷ್ಟವಾಗದಂತೆ ಕಾಯುವುದು; ಆದರೂ ಅದು ಎಳೆದ ಗೆರೆ ಕಲಾಮೀಮಾಂಸೆಯ ಗೆರೆಗೆ ಹತ್ತಿರವಾಗಿಯೇ ಇದೆ. ಜೂಜನ್ನು ತೆಗೆದಿಟ್ಟ ಮೇಲೆ ಉಳಿಯುವ ಆಟಗಳನ್ನು ಕುರಿತೇ ನಮ್ಮ ಪ್ರಶ್ನೆ.

ಆಟಕ್ಕೆ ಅದರದೇ ಆದ ಅರ್ಥಸಾಮರ್ಥ್ಯವಿದೆಯೇ ಎಂಬುದನ್ನು ಪರೀಕ್ಷಿಸಲು ಬಹಳ ದೂರ ಹೋಗಬೇಕಾಗಿಲ್ಲ. ಪುಣೆಗೆ ಸಮೀಪದ ಆಳಂದಿಯಲ್ಲಿ ಸಮಾಧಿಸ್ಥರಾದ ಜ್ಞಾನದೇವರಿಗೆ ಸಂಪ್ರದಾಯವು ‘ಮೋಕ್ಷಪಟ’ದ ಕರ್ತೃತ್ವವನ್ನು ಆರೋಪಿಸುತ್ತದೆ. ಕನ್ನಡದ ಮನೆಗಳಲ್ಲಿ ಇದೇ ಬಗೆಯ ಆಟ ಪರಮಪದ ಸೋಪಾನಪಟವೆಂದು ಪರಿಚಿತವಾಗಿದೆ. ಏಣಿಗಳ ಬುಡದಲ್ಲಿ ಸದ್ಗುಣಗಳು, ಹಾವುಗಳ ಹೆಡೆಯಲ್ಲಿ ದುರ್ಗುಣಗಳು. ಇಲ್ಲಿ ಉಪದೇಶವನ್ನು ಯಾರೂ ಬಾಯಿಂದ ಹೇಳುವುದಿಲ್ಲ. ಪರಮಪದದ ಹೊಸ್ತಿಲವರೆಗೆ ಹೋದ ಕಾಯಿ ಒಂದೇ ಗರದಿಂದ ಪಾತಾಳಕ್ಕೆ ಜಾರಿದಾಗ ಆಡುವವನಿಗೆ ಆಗುವ ಅನುಭವವೇ ಉಪದೇಶ. ಇಂಗ್ಲೆಂಡಿಗೆ ಹೋಗಿ, ಕಾಲಕ್ರಮದಲ್ಲಿ ಗುಣದೋಷಗಳ ಹೆಸರುಗಳನ್ನು ಕಳೆದುಕೊಂಡ ಮೇಲೆ ಅದೇ ಆಟ ಮಕ್ಕಳ ಹಾವುಏಣಿಯಾಗಿ ಉಳಿಯಿತು. ಇದರಿಂದ ತಿಳಿಯುವುದೇನೆಂದರೆ, ಆಟದ ಅರ್ಥ ಚಿತ್ರದಲ್ಲಿ ಮಾತ್ರವಾಗಲಿ ನಿಯಮದಲ್ಲಿ ಮಾತ್ರವಾಗಲಿ ಇರುವುದಿಲ್ಲ. ನಿಯಮವೂ ನಾಮವೂ ಒಂದನ್ನೊಂದು ಬೆಳಗಿದಾಗ ಅದು ಹುಟ್ಟುತ್ತದೆ.

ವಿಡಿಯೋ ಆಟಗಳಲ್ಲಿ ಈ ಸಾಮರ್ಥ್ಯ ಎಷ್ಟರಮಟ್ಟಿಗೆ ಬೆಳೆದಿದೆಯೆಂಬುದಕ್ಕೆ ೨೦೧೩ರಲ್ಲಿ ಲ್ಯೂಕಸ್ ಪೋಪ್ ರಚಿಸಿದ ‘ಪೇಪರ್ಸ್, ಪ್ಲೀಸ್’ ಒಳ್ಳೆಯ ನಿದರ್ಶನ. ಇಲ್ಲಿ ಆಡುವವನು ಕಲ್ಪಿತ ದೇಶವೊಂದರ ಗಡಿಯ ಠಾಣೆಯಲ್ಲಿ ಕಾಗದಪತ್ರಗಳನ್ನು ಪರೀಕ್ಷಿಸುವ ಗುಮಾಸ್ತ. ಸರಿಯಾಗಿ ಪರೀಕ್ಷಿಸಿದಷ್ಟು ಮಂದಿಯ ಲೆಕ್ಕದಲ್ಲಿ ಅವನಿಗೆ ಕೂಲಿ; ತಪ್ಪುಗಳು ಹೆಚ್ಚಿದರೆ ದಂಡ. ದಿನದ ಕೊನೆಗೆ ಆ ಕೂಲಿಯಲ್ಲಿ ಮನೆಯ ಬಾಡಿಗೆ, ಊಟ, ಚಳಿಗೆ ಬೆಂಕಿ, ಕಾಯಿಲೆಗೆ ಔಷಧ ಎಲ್ಲವೂ ತೂಗಬೇಕು. ಒಂದು ದಿನ ಸರಿಯಾದ ಪತ್ರಗಳುಳ್ಳ ಗಂಡ ಗಡಿಯನ್ನು ದಾಟುತ್ತಾನೆ. ಅವನ ಹಿಂದೆಯೇ ಬಂದ ಹೆಂಡತಿಯ ಬಳಿ ಪ್ರವೇಶಪತ್ರವಿಲ್ಲ. ಅವಳು ಅಂಗಲಾಚುತ್ತಾಳೆ. ಮುದ್ರೆ ಆಡುವವನ ಕೈಯಲ್ಲಿದೆ.

ಇದೇ ಸಂಗತಿಯನ್ನು ಕಾದಂಬರಿಯಲ್ಲಿ ಓದಿದವನು ಗುಮಾಸ್ತನನ್ನು ಸುಲಭವಾಗಿ ನಿಂದಿಸಬಹುದು. ಆಟದಲ್ಲಿ ಅದು ಸುಲಭವಲ್ಲ. ಅವಳ ಮುಖವನ್ನು ನೋಡುವ ಮೊದಲೇ ತನ್ನ ಕೂಲಿಯನ್ನು ಲೆಕ್ಕ ಹಾಕಿದವನು ತಾನೇ ಎಂಬುದು ಆಡುವವನಿಗೆ ತಿಳಿದುಬರುತ್ತದೆ. ಮೇಜಿನ ಹಿಂದೆ ಕುಳಿತು ಅರ್ಜಿಗಳನ್ನು ನೋಡಿದವರಿಗೂ, ಪರಸ್ಥಳದಲ್ಲಿ ಪಡಿತರ ಚೀಟಿಗಾಗಿ ಮೇಜಿನ ಮುಂದೆ ನಿಂತವರಿಗೂ ಈ ಅನುಭವವನ್ನು ವಿವರಿಸಬೇಕಾಗಿಲ್ಲ. ಅಭಿನವಗುಪ್ತನು ವಿಘ್ನವೆಂದು ಕರೆದ ಸ್ವಾರ್ಥಚಿಂತೆಯೇ ಇಲ್ಲಿ ಕೃತಿಯ ಸಾಮಗ್ರಿಯಾಗಿದೆ. ಕೂಲಿ ಕಲ್ಪಿತವಾದುದರಿಂದ ನಷ್ಟವು ನಿಜವಲ್ಲ. ಆದರೆ ಆಯ್ಕೆ ನಿಜ. ತನ್ನ ಚಿಂತೆಯನ್ನು ತಾನೇ ಎದುರಿಗಿಟ್ಟು ನೋಡುವಷ್ಟು ದೂರ ಇಲ್ಲಿ ದೊರೆಯುವುದರಿಂದ, ಅದು ಇವನೊಬ್ಬನದಾಗಿ ಉಳಿಯದೆ ಮನುಷ್ಯಮಾತ್ರನ ದೌರ್ಬಲ್ಯವಾಗಿ ತೋರುತ್ತದೆ. ಸಾಧಾರಣೀಕರಣಕ್ಕೆ ಆಟವು ಕಂಡುಕೊಂಡ ದಾರಿ ಇದು.

ಈ ಒರೆಗಲ್ಲಿಗೆ ಪುಣೆಯ ‘ರಾಜಿ’ಯನ್ನು ತಿಕ್ಕಿ ನೋಡುವುದು ಉಚಿತ. ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ತಂಡ ಇದನ್ನು ರಚಿಸಿತು. ೨೦೧೭ರಲ್ಲಿ ಸಾರ್ವಜನಿಕರಿಂದ ಹಣ ಕೂಡಿಸಲು ಮಾಡಿದ ಪ್ರಯತ್ನ ಗುರಿ ಮುಟ್ಟದಿದ್ದರೂ ತಂಡವು ಕೆಲಸವನ್ನು ಬಿಡಲಿಲ್ಲ. ಅನಾಥೆಯಾದ ರಾಜಿಯ ತಮ್ಮ ಗೋಲುವನ್ನು ಅಸುರರು ಅಪಹರಿಸುತ್ತಾರೆ. ದುರ್ಗೆಯ ಅನುಗ್ರಹದಿಂದ ತ್ರಿಶೂಲ ಪಡೆದ ರಾಜಿ ಅವನನ್ನು ಅರಸಿ ಹೊರಡುತ್ತಾಳೆ. ಗೋಡೆಗಳಲ್ಲಿ ಪಹಾಡಿ ಚಿತ್ರಶೈಲಿಯ ಛಾಯೆ, ಕಟ್ಟಡಗಳಲ್ಲಿ ರಾಜಸ್ಥಾನ ಮತ್ತು ಬಾಲಿ ದ್ವೀಪಗಳ ವಾಸ್ತುವಿನ ಛಾಯೆ. ಕಥೆಯ ಮುಖ್ಯ ಘಟ್ಟಗಳು ನಮ್ಮ ತೊಗಲುಗೊಂಬೆಯಾಟವನ್ನು ನೆನಪಿಗೆ ತರುವ ನೆರಳುಗೊಂಬೆಗಳ ಮೂಲಕ ನಿರೂಪಿತವಾಗಿವೆ. ೨೦೨೦ರ ‘ಗೇಮ್ ಅವಾರ್ಡ್ಸ್’ ಪ್ರಶಸ್ತಿಗಳಲ್ಲಿ ಚೊಚ್ಚಲ ಕೃತಿಗಳ ವಿಭಾಗಕ್ಕೆ ಇದು ನಾಮನಿರ್ದೇಶನಗೊಂಡಿತು.

ಆದರೆ ಚಿತ್ರವೂ ಗೊಂಬೆಯೂ ಅನ್ಯಕಲೆಗಳಿಂದ ಎರವಲು ಬಂದವು. ಅವುಗಳ ಸೊಬಗಿನಿಂದಲೇ ಆಟವು ಕಲೆಯಾಗುವುದಾದರೆ ದಂತದ ಪಗಡೆಕಾಯಿಯಿಂದ ಶಕುನಿಯ ಆಟವೂ ಕಲೆಯಾಗಬೇಕಾದೀತು. ವಿಮರ್ಶಕರು ‘ರಾಜಿ’ಯ ಚಿತ್ರಸಂಪತ್ತನ್ನು ಕೊಂಡಾಡಿ, ಕಾಳಗದ ಭಾಗ ಮರುಕಳಿಸಿ ಬೇಸರ ತರುವುದೆಂದು ಹೇಳಿದುದರಲ್ಲಿ ಈ ವಿವೇಕ ಅಡಗಿದೆ. ಅದರ ನಿಜವಾದ ಸಿದ್ಧಿ ಕಾಳಗದಲ್ಲಿಲ್ಲ. ಚಕ್ರಾಕಾರದ ಚಿತ್ರಗಳ ತುಣುಕುಗಳನ್ನು ತಿರುಗಿಸಿ ಹೊಂದಿಸಿದಾಗ ಅಕ್ಕತಮ್ಮಂದಿರ ಹಳೆಯ ನೆನಪುಗಳು ಮೂಡುವ ಎಡೆಗಳಲ್ಲಿ ಅದಿದೆ. ಅಲ್ಲಿ ನೆನಪು ಮಾಡಿಕೊಳ್ಳುವ ಕ್ರಿಯೆಯನ್ನು ಆಡುವವನ ಕೈಯೇ ನಡೆಸುತ್ತದೆ. ‘ರಾಜಿ’ ಆಟವಾಗಿ ಕಲೆಯ ಹತ್ತಿರ ಬರುವುದು ಆ ಕೆಲವು ಕ್ಷಣಗಳಲ್ಲಿ; ಉಳಿದೆಡೆ ಅದು ಸುಂದರವಾದ ಅಲಂಕಾರವುಳ್ಳ ಆಟ.

ಈ ವಿವೇಚನೆ ಕೇವಲ ಪಂಡಿತರ ಕಾಲಕ್ಷೇಪವಲ್ಲವೆಂಬುದಕ್ಕೆ ಮೈಸೂರಿನ ಉದಾಹರಣೆಯೊಂದು ಸಾಕ್ಷಿಯಾಗಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ೧೮೩೧ರಲ್ಲಿ ರಾಜ್ಯಭಾರ ಬ್ರಿಟಿಷರ ವಶವಾದ ಮೇಲೆ ಸಾಹಿತ್ಯದಲ್ಲಿಯೂ ಆಟಗಳ ರಚನೆಯಲ್ಲಿಯೂ ಮನಸ್ಸನ್ನು ತೊಡಗಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳ ವಿಷಯ ಬರುತ್ತದೆ. ಚದುರಂಗದ ಕುದುರೆಯ ನಡೆಯಿಂದ ೧೪೪ ಮನೆಗಳನ್ನೂ ಒಮ್ಮೊಮ್ಮೆ ಮುಟ್ಟಿ, ಪ್ರತಿಯೊಂದು ಅಡ್ಡಸಾಲು ಕಂಬಸಾಲುಗಳ ಮೊತ್ತವೂ ೮೭೦ ಆಗುವಂತೆ ಅವರು ರಚಿಸಿದ ಬಂಧವನ್ನು ಗಣಿತದ ಇತಿಹಾಸಕಾರರು ಇಂದಿಗೂ ನೆನೆಯುತ್ತಾರೆ. ಅವರು ಕಲ್ಪಿಸಿದ ‘ಛದ’ದ ಆಟಗಳಿಗೆ ದೇವತಾಮೂರ್ತಿಗಳುಳ್ಳ ಗಂಜೀಫಾ ಎಲೆಗಳನ್ನು ಬರೆಯಲಾಯಿತು. ಆ ಎಲೆಗಳ ಚಿತ್ರಕಲೆ ಇಂದಿಗೂ ಮಾನ್ಯವಾಗಿದೆ. ಕಲಾಸಕ್ತರು ಅವುಗಳನ್ನು ಕಟ್ಟುಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಆದರೆ ಆ ಆಟವನ್ನು ಆಡಬಲ್ಲವರು ಅತಿ ವಿರಳ. ಚಿತ್ರವು ಕಲೆಯೆಂದು ಉಳಿಯಿತು. ಆಟವು ಬರಿಯ ಆಟವೆಂದು ಮರೆಯಾಯಿತು.

ಇದೇ ಗತಿ ಇಂದಿನ ಆಟಗಳಿಗೂ ಒದಗುತ್ತಿದೆ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ ೨೦೧೦ಕ್ಕಿಂತ ಮೊದಲು ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇಕಡಾ ೮೭ರಷ್ಟು ಮಾರುಕಟ್ಟೆಯಲ್ಲಿ ದೊರೆಯುತ್ತಿರಲಿಲ್ಲ. ಪುಸ್ತಕವು ಕಪಾಟಿನಲ್ಲಿ ನೂರು ವರ್ಷ ಕಾಯಬಲ್ಲುದು; ಯಂತ್ರ ಹಳತಾದೊಡನೆ ಆಟವು ಕಣ್ಮರೆಯಾಗುತ್ತದೆ. ಕಲೆಯೆಂಬ ಮನ್ನಣೆ ದೊರೆಯದ ವಸ್ತುವನ್ನು ಕಾಪಿಡಲು ಯಾರೂ ಶ್ರಮಿಸುವುದಿಲ್ಲ.

ಆದುದರಿಂದ ಆಟವೆಲ್ಲವೂ ಕಲೆಯಲ್ಲ, ಆಟವಾದುದರಿಂದಲೇ ಅದು ಕಲೆಯಾಗಲಾರದೆಂಬುದೂ ಸರಿಯಲ್ಲ. ಯಾವ ಆಟದಲ್ಲಿ ನಿಯಮವೇ ಅರ್ಥವನ್ನು ನುಡಿಯುವುದೋ, ಗೆಲ್ಲುವ ಆತುರ ಕರಗಿ ಆತ್ಮಪರೀಕ್ಷೆಗೆ ಎಡೆಯಾಗುವುದೋ ಅದಕ್ಕೆ ಕಲೆಯೆಂಬ ಹೆಸರು ಸಲ್ಲುವುದು. ಆ ಪರೀಕ್ಷೆಯನ್ನು ದೂರ ನಿಂತು ಮಾಡಲಾಗದು. ಹಾಡು, ಪುಸ್ತಕ, ಅಡುಗೆಗಳನ್ನು ಹೊತ್ತುಕೊಂಡು ಪರಸ್ಥಳಕ್ಕೆ ಬಂದ ಕನ್ನಡಿಗರ ಮನೆಗಳಲ್ಲಿ ಅಳಗುಳಿಯ ಮಣೆ ಅಟ್ಟ ಸೇರಿದ್ದರೆ, ಅದು ಮರದ ದೋಷವಲ್ಲ. ಎದುರಿಗೆ ಕೂರುವವರು ಇಲ್ಲವಾದುದರ ಫಲ. ಫೋನನ್ನು ಹಿಡಿದ ಮಗುವಿನ ಪಕ್ಕದಲ್ಲಿ ಒಂದು ಸಂಜೆ ಕುಳಿತು, ಈ ಆಟದ ನಿಯಮವೇನೆಂದು ಕೇಳಿ, ತಾನೂ ಒಮ್ಮೆ ಆಡಿ ಸೋತು ನೋಡಿದ ಹಿರಿಯನ ತೀರ್ಪಿಗೆ ಹೆಚ್ಚಿನ ಬೆಲೆಯುಂಟು. ಆ ಮಣೆಯನ್ನು ಅಟ್ಟದಿಂದ ಇಳಿಸಿ ಮಗುವಿಗೆ ಅದರ ನಿಯಮವನ್ನು ಹೇಳಿಕೊಡುವ ಹೊತ್ತೂ ಅದೇ.