ಹಳೆಯ ಮನೆಗೆ ಹೊಸ ಕೊಳವೆ

ಮೈಸೂರಿನ ಮನೆಗಳಿಗೆ ಕಾವೇರಿಯ ನೀರನ್ನು ಒದಗಿಸಲು 1896ರಲ್ಲಿ ವಾಣಿವಿಲಾಸ ನೀರು ಸರಬರಾಜು ಕೇಂದ್ರವು ಸ್ಥಾಪಿತವಾಯಿತು. ಊರಿನ ಹಳೆಯ ಮನೆಗಳಲ್ಲಿ ಸತುವಿನ ಲೇಪವುಳ್ಳ ಕಬ್ಬಿಣದ ಕೊಳವೆಗಳನ್ನು ಇಂದಿಗೂ ಕಾಣಬಹುದು. ಕಾಲಕ್ರಮದಲ್ಲಿ ಆ ಲೇಪವು ಸವೆದು, ಒಳಗೆ ತುಕ್ಕು ಬೆಳೆದು, ನೀರಿನ ದಾರಿ ಕಿರಿದಾಗುತ್ತದೆ. ಕೊಳವೆಯು ಗೋಡೆಯೊಳಗೆ ಸೋರಿದರೆ ಸುಣ್ಣದ ಗಾರೆಯು ಸಡಿಲವಾಗಿ ಗೋಡೆಗೇ ಅಪಾಯ ಒದಗುತ್ತದೆ.

ಆದುದರಿಂದ ದುರಸ್ತಿಗೆ ಮೊದಲು ಪರೀಕ್ಷೆ ಅಗತ್ಯ. ನಲ್ಲಿಗಳೆಲ್ಲವನ್ನೂ ಮುಚ್ಚಿದಾಗಲೂ ಮೀಟರಿನ ಮುಳ್ಳು ತಿರುಗುತ್ತಿದ್ದರೆ ಎಲ್ಲಿಯೋ ಸೋರಿಕೆಯಿದೆಯೆಂದು ತಿಳಿಯಬೇಕು. ಮೀಟರಿನ ಬಳಿ ರಭಸದಿಂದ ಬರುವ ನೀರು ಒಳಗಿನ ನಲ್ಲಿಯಲ್ಲಿ ಸಣ್ಣಗೆ ಹರಿದರೆ ದೋಷವು ಮನೆಯ ಕೊಳವೆಯದು. ಎರಡೂ ಕಡೆ ಸಣ್ಣಗಿದ್ದರೆ ಅದನ್ನು ಬದಲಿಸಿ ಪ್ರಯೋಜನವಿಲ್ಲ. ಹೊಸ ಕೊಳವೆಯನ್ನು ಹಳೆಯ ಗೋಡೆ ಕಡಿಯದೆ ಹೊರಮೈಯಲ್ಲಿಯೇ ಹಾಯಿಸುವುದು ಲೇಸು. ಅದು ಚರಂಡಿಯಿಂದ ದೂರವಿರಬೇಕು; ಏಕೆಂದರೆ ನೀರು ನಿಂತ ವೇಳೆಯಲ್ಲಿ ಸಣ್ಣ ಬಿರುಕಿನ ಮೂಲಕವೂ ಕೊಳಚೆಯು ಒಳಸೇರಬಲ್ಲುದು. ಹೀಗೆ ಯೋಚಿಸಿ ಮಾಡಿದ ಕೆಲಸವು ನೀರನ್ನೂ ಮನೆಯವರ ಆರೋಗ್ಯವನ್ನೂ ಕಾಯುತ್ತದೆ.