ಗೋಡೆಯ ಆಸರೆಯಿಲ್ಲದ ಪುಸ್ತಕದ ಕಪಾಟು

ರಾಯದುರ್ಗ, ಮಡಕಶಿರಾ ಭಾಗದ ಹಳ್ಳಿಗಳಲ್ಲಿ ಮಣ್ಣು ಮೆತ್ತಿ ಕಟ್ಟಿದ ಹಳೆಯ ಕಲ್ಲುಗೋಡೆಗಳು ಇನ್ನೂ ಇವೆ. ಇಂತಹ ಗೋಡೆಯಲ್ಲಿ ಮೊಳೆ ಭದ್ರವಾಗಿ ನಿಲ್ಲದು. ಗೂಡಿನಲ್ಲಿಟ್ಟ ಪುಸ್ತಕಕ್ಕೆ ಗೆದ್ದಲು ಹತ್ತುವುದುಂಟು. ಬಳ್ಳಾರಿಯಿಂದಲೋ ಬೆಂಗಳೂರಿನಿಂದಲೋ ತರಿಸಿದ ಕನ್ನಡ ಕಥೆಪುಸ್ತಕ ಹಾಳಾದರೆ ಇನ್ನೊಂದು ಪ್ರತಿ ಬೇಗನೆ ದೊರೆಯದು. ಆದುದರಿಂದ ತಾನೇ ನಿಲ್ಲುವ, ಬಾಗಿಲಿಲ್ಲದ ಸಣ್ಣ ಮರದ ಕಪಾಟು ಈ ಮಕ್ಕಳ ಮನೆಗೆ ಒಪ್ಪುತ್ತದೆ. ಅದನ್ನು ಮಾಡುವ ಬಗೆ ಗಣಿತದ ತರಗತಿಗೂ ಒದಗುತ್ತದೆ.

ಎತ್ತರ 90 ಸೆಂ.ಮೀ., ಅಗಲ 75 ಸೆಂ.ಮೀ., ಆಳ 25 ಸೆಂ.ಮೀ. ಸಾಕು. ನಾಲ್ಕು ಕಾಲು, ಮೂರು ಹಲಗೆ. ಹಲಗೆಯ ದಪ್ಪ 18 ಮಿ.ಮೀ.ಗೆ ಕಡಿಮೆಯಿರಬಾರದು. ಅಗಲ ಹೆಚ್ಚಿಸುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಹಲಗೆಯ ಉದ್ದವನ್ನು ಇಮ್ಮಡಿಗೊಳಿಸಿ ತುಂಬ ಪುಸ್ತಕ ಜೋಡಿಸಿದರೆ ನಡುವಿನ ಬಾಗು ಸುಮಾರು 16 ಪಟ್ಟಾಗುತ್ತದೆ. ದಪ್ಪವನ್ನೂ ಇಮ್ಮಡಿಗೊಳಿಸಿದರೂ ಮೊದಲಿನ ಎರಡರಷ್ಟು ಬಾಗು ಉಳಿದೇ ಉಳಿಯುತ್ತದೆ.

ಕಪಾಟು ಅಲುಗಾಡುವುದೇಕೆ? ಮೊಳೆ ಸಾಲದೆಂದು ಹಲವರು ಇನ್ನೂ ನಾಲ್ಕು ಹೊಡೆದು ಹಲಗೆಯನ್ನೇ ಸೀಳಿಸುತ್ತಾರೆ. ದೋಷವಿರುವುದು ಆಕಾರದಲ್ಲಿ. ಶಿಕ್ಷಕರು ನಾಲ್ಕು ಕಡ್ಡಿಗಳ ತುದಿಗಳನ್ನು ದಾರದಿಂದ ಕಟ್ಟಿಸಿ, ಒಂದು ಮೂಲೆಯನ್ನು ಒತ್ತಿಸಬೇಕು. ಚೌಕವು ಓರೆಯಾಗಿ ವಾಲುತ್ತದೆ. ಮೂಲೆಯಿಂದ ಮೂಲೆಗೆ ಐದನೆಯ ಕಡ್ಡಿಯನ್ನು ಕಟ್ಟಿದೊಡನೆ ಎರಡು ತ್ರಿಕೋನಗಳಾಗಿ ಬಿಗಿಯಾಗುತ್ತದೆ. ಬಾಹುಗಳ ಉದ್ದ ಬದಲಾಗದೆ ತ್ರಿಕೋನದ ಆಕಾರ ಬದಲಾಗದು. ಕಪಾಟಿನ ಬೆನ್ನಿಗೆ ಓರೆಯಾಗಿ ಹೊಡೆದ ಒಂದೇ ಪಟ್ಟಿ ಮಾಡುವ ಕೆಲಸವೂ ಇದೇ. ಎರಡು ಪಕ್ಕಗಳಿಗೂ ಒಂದೊಂದು ಕಿರುಪಟ್ಟಿ ಬೇಕು.

ಪಟ್ಟಿ ಹೊಡೆಯುವ ಮೊದಲು ಬೆನ್ನಿನ ಎರಡು ಕರ್ಣಗಳನ್ನೂ ಅಳೆಯಿಸತಕ್ಕದ್ದು. ಎರಡೂ ಸಮವಾಗಿದ್ದರೆ ಮೂಲೆಗಳು ನೇರವಾಗಿವೆ. ಪೈಥಾಗೊರಸನ ಪ್ರಮೇಯ ಕಲಿತವರು ಆ ಉದ್ದವನ್ನು, ಅಂದರೆ ಸುಮಾರು 117 ಸೆಂ.ಮೀ., ಮೊದಲೇ ಲೆಕ್ಕಹಾಕಿ ಟೇಪಿನಿಂದ ಒರೆಹಚ್ಚಲಿ. ಕೊಯ್ಯುವ ಕೆಲಸ ಮಾತ್ರ ಬಡಗಿಯದೇ ಆಗಿರಲಿ.

ಕಾಲುಗಳ ಕೆಳಗೆ ಚಪ್ಪಟೆ ಕಲ್ಲಿಟ್ಟು, ಗೋಡೆಯಿಂದ ನಾಲ್ಕು ಬೆರಳು ದೂರ ನಿಲ್ಲಿಸಿದರೆ ಗೆದ್ದಲಿನ ಮಣ್ಣಿನ ಜಾಡು ಕಣ್ಣಿಗೆ ಬೀಳುತ್ತದೆ. ಭಾರದ ಪುಸ್ತಕಗಳು ಕೆಳಗಿನ ಹಲಗೆಗೆ.

ಕೆಲಸದ ನಡುವೆ ಮಕ್ಕಳ ಬಾಯಲ್ಲಿ ಗರಗಸವು ‘ರಂಪಂ’ ಆಗಬಹುದು, ಮೊಳೆಯು ‘ಮೇಕು’ ಆಗಬಹುದು. ಅದನ್ನು ತಪ್ಪೆಂದು ತಿದ್ದುವ ಬದಲು ಎರಡೂ ಪದಗಳನ್ನು ಕರಿಹಲಗೆಯ ಮೇಲೆ ಬರೆಯಿಸಬೇಕು. ಹಲಗೆಯು ಹಳಗನ್ನಡದಲ್ಲಿ ‘ಪಲಗೆ’. ತೆಲುಗಿನ ‘ಪಲಕ’ ಆ ಪಕಾರವನ್ನು ಇಂದಿಗೂ ಉಳಿಸಿಕೊಂಡಿದೆ. ಹಾಲಿಗೆ ‘ಪಾಲು’, ಹೂವಿಗೆ ‘ಪುವ್ವು’ ಎಂಬ ಮನೆಮಾತಿನ ಜೋಡಿಗಳನ್ನು ಮಕ್ಕಳೇ ಹುಡುಕಿ ಸೇರಿಸುತ್ತಾರೆ.