ಕಡಲಿಗಿಳಿಯುವ ಪಾತಾಳಗರಡಿ

ಸವಳಂಗದ ನಮ್ಮನೆ ಬಾವಿಗೆ ಕೊಡ ಬಿದ್ದರೆ ಅಜ್ಜಿ ಪಾತಾಳಗರಡಿ ಇಳಿಸಿ ತಡಕಾಡ್ತಿದ್ರು. ಅದನ್ನು ಕಂಡವರು ಈಗೆಷ್ಟು ಮಂದಿಯೋ! ನೌಕಾಪಡೆಯ ಸೀ ಕಿಂಗ್ ಹೆಲಿಕಾಪ್ಟರ್ ಬಗ್ಗೆ ಓದುವಾಗ ನನಗೆ ನೆನಪಾದದ್ದು ಅದೇ. ಕಡಲ ಮೇಲೆ ಒಂದೇ ಕಡೆ ನಿಂತು, ಕೇಬಲ್‌ನಲ್ಲಿ ಸೋನಾರ್ ಇಳಿಸಿ ಶಬ್ದ ಹೊರಡಿಸುತ್ತೆ. ಜಲಾಂತರ್ಗಾಮಿಗೆ ಬಡಿದು ಮರಳುವ ಪ್ರತಿಧ್ವನಿಗೆ ಕಿವಿಗೊಡುತ್ತೆ.

ಇವುಗಳ 330ನೇ ಸ್ಕ್ವಾಡ್ರನ್ ಕೊಚ್ಚಿಯಲ್ಲಿ ಶುರುವಾಗಿದ್ದು 1971ರ ಏಪ್ರಿಲ್‌ನಲ್ಲಿ. ಅದೇ ವರ್ಷ ಡಿಸೆಂಬರ್ 9ರ ರಾತ್ರಿ, ದಿಯು ಸಮೀಪ, ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ನಮ್ಮ ಖುಕ್ರಿ ಹಡಗನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮುಲ್ಲಾ ಹಡಗು ಬಿಟ್ಟು ಬರಲೇ ಇಲ್ಲ. ಜಲಾಂತರ್ಗಾಮಿ ಬೇಟೆಗೆಂದೇ ಕಟ್ಟಿದ ಆ ಹಡಗಿನಲ್ಲಿ ಹೆಲಿಕಾಪ್ಟರ್ ಇಳಿಯೋಕೆ ಜಾಗವೇ ಇರಲಿಲ್ಲ ಅನ್ನೋದು ನನ್ನನ್ನು ಇವತ್ತಿಗೂ ಕಾಡುತ್ತೆ.

2024ರ ಮಾರ್ಚ್‌ನಲ್ಲಿ ಕೊಚ್ಚಿಯಲ್ಲೇ ಸೀಹಾಕ್‌ಗಳ 334ನೇ ಸ್ಕ್ವಾಡ್ರನ್ ಬಂತು. ಅವೂ ಕೇಬಲ್ ಇಳಿಸಿಯೇ ಹುಡುಕ್ತವೆ.